ಕೈಗುಣದವನ ಬೋಣಿ

"ಗುರುಗಳೇ, ನನ್ನದೇ ಅಂಗಡಿಯನ್ನು ನಾನು ಯಾವಾಗ ಶುರು ಮಾಡಲಿ?" ಎಂದು ಶಿಷ್ಯ ಕೇಳಿದ.

ಅವನು ಬಟ್ಟೆ ಹೊಲಿಯುವವನು. ಊರಿನ ದೊಡ್ಡ ದರ್ಜಿಯ ಬಳಿ ಬಹಳ ಕಾಲದಿಂದ ಕೆಲಸಕ್ಕಿದ್ದ. ಕೈ ಪಳಗಿತ್ತು. ಗಿರಾಕಿಗಳು ದರ್ಜಿಯನ್ನು ದಾಟಿ ಬಂದು ಇವನಿಗೇ ಅಳತೆ ಕೊಡುತ್ತಿದ್ದರು. ಸ್ವಂತ ಅಂಗಡಿಯ ಮಾತನ್ನು ಅವನು ಆಡತೊಡಗಿ ವರ್ಷಗಳೇ ಕಳೆದಿದ್ದವು. ಹಿಂದಿನ ಸಲ ಬಂದಾಗ ಮಳೆಗಾಲ ಮುಗಿಯಲಿ ಅಂದಿದ್ದ. ಅದಕ್ಕೂ ಹಿಂದೆ ತಂಗಿಯ ಮದುವೆ ಮುಗಿಯಲಿ ಅಂದಿದ್ದ. ಈಗ ಮದುವೆಯೂ ಮುಗಿದಿತ್ತು, ಮಳೆಯೂ ನಿಂತಿತ್ತು. ಹೇಳಲು ಬೇರೆ ನೆಪ ಉಳಿಯದೆ ಮಠಕ್ಕೆ ಬಂದಿದ್ದ.

"ನೀವೇ ಒಂದು ದಿನ ಹೇಳಿಬಿಡಿ" ಎಂದು ಅವನು ಕೈಮುಗಿದ. "ನಿಮ್ಮ ಬಾಯಿಂದ ಬಂದ ದಿನ ಕೆಡುವುದಿಲ್ಲ."

ಗುರುಗಳು ಮಧ್ಯಾಹ್ನದ ಸಾರಿಗೆ ಸೊಪ್ಪು ಬಿಡಿಸುತ್ತಿದ್ದರು. ಅರ್ಧ ಕಟ್ಟನ್ನು ಅವನ ಮುಂದೆ ಸರಿಸಿ, "ಕೈ ಖಾಲಿ ಯಾಕಿರಬೇಕು, ಬಿಡಿಸುತ್ತಾ ಕೇಳು" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಪೇಟೆ. ಆ ಪೇಟೆಯಲ್ಲಿ ಕಡಲೆ ಹುರಿಯುವವನೊಬ್ಬನಿದ್ದ. ಭಟ್ಟಿ ಅವನದಲ್ಲ, ಒಬ್ಬ ವ್ಯಾಪಾರಿಯದು. ಬಾಣಲೆಯಲ್ಲಿ ಮರಳು ಕಾಯಿಸುವುದು, ಕಡಲೆ ಸುರಿದು ತಿರುವುವುದು, ಜರಡಿ ಹಿಡಿಯುವುದು, ಹೊಟ್ಟು ತೂರುವುದು, ಇಷ್ಟು ಅವನ ಕೆಲಸ. ಮೀಸೆ ಮೂಡುವ ವಯಸ್ಸಿನಲ್ಲಿ ಆ ಭಟ್ಟಿಯ ಮುಂದೆ ಕೂತವನ ಮೀಸೆ ಅಲ್ಲೇ ಬೆಳ್ಳಗಾಗತೊಡಗಿತ್ತು.

ಆ ಪೇಟೆಯವರಿಗೆ ಒಂದು ನಂಬಿಕೆ. ಮೊದಲ ವ್ಯಾಪಾರಕ್ಕೆ ಬೋಣಿ ಅನ್ನುತ್ತಾರೆ, ಅದು ನಿನಗೂ ಗೊತ್ತು. ಬೋಣಿ ಯಾರ ಕೈಯಿಂದಲೋ ಆ ದಿನದ ವ್ಯಾಪಾರ ಆ ಕೈಯಂತೆ. ಹೊಸ ಅಂಗಡಿಯಾದರೆ ಅದರ ಆಯುಸ್ಸೇ ಆ ಕೈಯಂತೆ. ವ್ಯಾಪಾರ ಕುದುರಿದರೆ ಬೋಣಿಯವನ ಕೈಗುಣ ಅನ್ನುತ್ತಿದ್ದರು. ಕೆಟ್ಟರೆ, ಅದು ಯಾವ ಪುಣ್ಯಾತ್ಮನ ಕೈಯೋ ಅನ್ನುತ್ತಿದ್ದರು. ಸರಕು ಹೇಗಿತ್ತು, ತೂಕ ಹೇಗಿತ್ತು ಎಂದು ಕೇಳುವ ತಾಪತ್ರಯ ಯಾರಿಗೂ ಇರಲಿಲ್ಲ.

ಕಡಲೆಯವನಿಗೆ ಒಳ್ಳೆಯ ಕೈಗುಣದವನು ಎಂಬ ಹೆಸರು ಬಂದದ್ದು ಆಕಸ್ಮಿಕವಾಗಿ. ಒಂದು ದಿನ ಅವನು ಮಗಳಿಗೆ ಬಳೆ ಕೊಳ್ಳಲು ಹೊರಟ. ಒಬ್ಬ ಬಳೆಗಾರ ಅಂದೇ ಹೊಸ ಅಂಗಡಿಯ ಬಾಗಿಲು ತೆರೆಯುತ್ತಿದ್ದ. ಇವನು ಒಳಗೆ ಹೋಗಿ ಬಳೆ ತೆಗೆದುಕೊಂಡು ಬಂದ. ಆ ವರ್ಷ ಊರಿನಲ್ಲಿ ಮದುವೆಯೋ ಮದುವೆ. ಬಳೆಗಾರನ ಅಂಗಡಿ ತುಂಬಿ ತುಳುಕಿತು. ಅವನು ಸಿಕ್ಕಸಿಕ್ಕವರ ಮುಂದೆಲ್ಲ, "ನಂದೇನಿಲ್ಲ, ಎಲ್ಲಾ ಆ ಕಡಲೆಯಣ್ಣನ ಕೈಗುಣ" ಅಂದ. ಮದುವೆಯಾದವರ ಹೆಸರನ್ನು ಯಾರೂ ಎತ್ತಲಿಲ್ಲ.

ಆಮೇಲೆ ಎಣ್ಣೆಯವನು ಕರೆದ. ಪಾತ್ರೆಯವನು ಕರೆದ. ಕಂಬಳಿಯವನು ಬಿರುಬೇಸಿಗೆಯಲ್ಲಿ ಕರೆದು ಕಂಬಳಿ ಕೊಳ್ಳಿಸಿದ. ಬರಬರುತ್ತಾ ಇವನು ಬಾರದೆ ಪೇಟೆಯಲ್ಲಿ ಹೊಸ ಬಾಗಿಲು ತೆರೆಯುವುದೇ ನಿಂತಿತು. ಒಬ್ಬ ಖಾನಾವಳಿಯವನಂತೂ ಅನ್ನ ಮಾಡಿಟ್ಟು, ಹಸಿದು ಬಂದವರನ್ನು ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿದ. "ಸ್ವಲ್ಪ ತಡೀರಿ, ಕೈಗುಣದಣ್ಣ ಬರ್ತಾ ಇದ್ದಾನೆ, ಅವನು ಒಂದು ತುತ್ತು ಉಂಡ ಮೇಲೆ ನಿಮಗೆ" ಅಂದ. ಕೈಗುಣದಣ್ಣ ಬರುವಷ್ಟರಲ್ಲಿ ಅನ್ನ ಆರಿತ್ತು, ಅರ್ಧ ಜನ ಬೇರೆ ಕಡೆ ಉಂಡು ಮುಗಿಸಿದ್ದರು.

ಶಿಷ್ಯ ನಕ್ಕ. ಗುರುಗಳು ನಗಲಿಲ್ಲ. ಕತೆ ಮುಂದುವರಿಸಿದರು.

ಕರೆದವರು ತಾಂಬೂಲ ಕೊಡುತ್ತಿದ್ದರು, ಕೆಲವರು ಹೆಗಲಿಗೆ ವಸ್ತ್ರ ಹೊದಿಸುತ್ತಿದ್ದರು. ಮೊದಮೊದಲು ಅವನಿಗೆ ಸಂಕೋಚವಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಅದಕ್ಕೂ ಆಮೇಲೆ, ನನ್ನ ಕೈಯಲ್ಲಿ ಏನೋ ಇರಲೇಬೇಕು ಅನ್ನಿಸಿತು. ನಾಲ್ಕು ಜನ ಹೇಳಿದ್ದನ್ನು ಐದನೆಯವನು ನಂಬುತ್ತಾನೆ. ಇಲ್ಲಿ ಐದನೆಯವನು ಅವನೇ ಆಗಿದ್ದ.

ಇಷ್ಟು ಜನರ ಬಾಗಿಲು ತೆರೆಸಿದವನಿಗೆ ತನ್ನದೊಂದು ಬಾಗಿಲು ಬೇಕೆಂಬ ಆಸೆಯಿತ್ತು. ಆ ಆಸೆಗೆ ಕಾರಣ ಕಡಲೆ. ಕಡಲೆಯನ್ನು ಒಮ್ಮೆ ಬೆಚ್ಚಗೆ ಮಾಡಿ, ಉಪ್ಪು ಅರಿಶಿನದ ನೀರು ಚಿಮುಕಿಸಿ, ಗೋಣಿ ಮುಚ್ಚಿ ಒಂದು ದಿನ ಬಿಡಬೇಕು. ಮಾರನೆಯ ದಿನ ಹುರಿದರೆ ಅದು ಒಳಗಿನಿಂದ ಅರಳುತ್ತದೆ, ಹಲ್ಲಿಗೆ ಹಗುರಾಗುತ್ತದೆ. ಅವನ ಧಣಿಯಾದ ವ್ಯಾಪಾರಿಗೆ ಅಷ್ಟು ತಾಳ್ಮೆ ಇಲ್ಲ. ಬೆಳಿಗ್ಗೆ ನೆನೆದದ್ದು ಮಧ್ಯಾಹ್ನ ಮಾರಬೇಕು ಅನ್ನುವ ಜಾತಿ ಅವನದು. ಪ್ರತಿದಿನ ಅರೆಬರೆ ಅರಳಿದ ಕಡಲೆಯನ್ನು ಜರಡಿ ಹಿಡಿಯುವಾಗ ಇವನ ಹೊಟ್ಟೆ ಉರಿಯುತ್ತಿತ್ತು. ಸಾಯುವುದರೊಳಗೆ ಒಮ್ಮೆಯಾದರೂ ನನಗೆ ಬೇಕಾದ ಹಾಗೆ ಹುರಿದು, ಅದನ್ನು ತಿಂದವರ ಮುಖ ನೋಡಬೇಕು ಎಂಬುದಷ್ಟೇ ಅವನಿಗೆ ಬೇಕಾಗಿದ್ದದ್ದು.

ಮೂರು ದಾರಿ ಕೂಡುವಲ್ಲಿ ಒಬ್ಬ ಅಜ್ಜಿಯ ಮನೆ. ಅದರ ಜಗುಲಿಯನ್ನು ಅವನು ಬಾಡಿಗೆಗೆ ಹಿಡಿದ. ತಾನೇ ಮಣ್ಣು ತುಳಿದು ಭಟ್ಟಿ ಕಟ್ಟಿದ. ಹೊಳೆಯಿಂದ ಮರಳು ತಂದು ತೊಳೆದು ಒಣಗಿಸಿದ. ಬಾಣಲೆ ಬಂತು, ಜರಡಿ ಬಂತು, ಸೌದೆ ಬಂತು. ಒಳ್ಳೆಯ ಕಡಲೆಯೂ ಬಂತು. ಎಲ್ಲ ಆಯಿತು ಎಂದು ಹೆಂಡತಿ ಅಂದುಕೊಂಡಳು. ಅವನು ಮಾತ್ರ ಇನ್ನೂ ಒಂದು ಆಗಿಲ್ಲ ಅಂದ.

"ಬೋಣಿ ಯಾರ ಕೈಲಿ ಮಾಡಿಸೋದು?" ಎಂದು ಕೇಳಿದ.

"ಊರಿಗೆಲ್ಲಾ ಮಾಡಿದ ಕೈ ನಿಮ್ಮದೇ ಇದೆಯಲ್ಲ" ಅಂದಳು ಹೆಂಡತಿ.

"ನನ್ನ ಕಡಲೆ ನಾನೇ ಕೊಂಡರೆ ಅದು ವ್ಯಾಪಾರ ಆಗುತ್ತಾ? ತನ್ನ ಎಲೆಗೆ ತಾನೇ ಬಡಿಸ್ಕೊಂಡ ಹಾಗೆ."

ಅವನ ಕಷ್ಟ ನಿಜವಾದದ್ದು. ಕೈಗುಣದ ಬೆಲೆ ಅವನಷ್ಟು ತಿಳಿದವನು ಪೇಟೆಯಲ್ಲಿ ಇನ್ನೊಬ್ಬನಿಲ್ಲ. ಹಾಗಾಗಿ ತನ್ನ ಕೈಗಿಂತ ಕಡಿಮೆಯ ಕೈಯನ್ನು ಒಪ್ಪಲು ಅವನಿಗೆ ಆಗುತ್ತಿರಲಿಲ್ಲ. ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ತೂಗಿ ನೋಡಿದ. ಬಳೆಗಾರ ಆದೀತು, ಆದರೆ ಅವನ ಏಳಿಗೆಯೇ ನನ್ನ ಕೈಯಿಂದ ಬಂದದ್ದು, ನಾನು ಕೊಟ್ಟದ್ದನ್ನು ನಾನೇ ವಾಪಸು ತೆಗೆದುಕೊಂಡಂತಾಗುತ್ತದೆ. ಧಣಿಯನ್ನು ಕರೆಯೋಣವೆಂದರೆ ಅವನು ಎಂಜಲು ಕೈಯಲ್ಲಿ ಕಾಗೆ ಓಡಿಸದವನು. ಪೂಜಾರಿಯ ಕೈ ಪವಿತ್ರವಾದದ್ದೇ, ಆದರೆ ಅದಕ್ಕೆ ತೆಗೆದುಕೊಂಡು ಮಾತ್ರ ಅಭ್ಯಾಸ, ಕೊಟ್ಟು ಅಭ್ಯಾಸವಿಲ್ಲ. ಹೀಗೆ ಒಬ್ಬೊಬ್ಬರಲ್ಲೂ ಒಂದು ಕುಂದು ಸಿಗುತ್ತಲೇ ಹೋಯಿತು. ಕುಂದು ಸಿಕ್ಕಾಗಲೆಲ್ಲ ಅವನಿಗೆ ಒಳಗೊಳಗೆ ಸಮಾಧಾನವಾಗುತ್ತಿತ್ತು. ಆ ದಿನ ಭಟ್ಟಿ ಹೊತ್ತಿಸಬೇಕಾಗಿರಲಿಲ್ಲವಲ್ಲ.

ಹೀಗೆ ದಿನಗಳು ಹೋದವು. ಬೆಳಗಾದರೆ ಧಣಿಯ ಭಟ್ಟಿಗೆ ಹೋಗುವುದು, ಸಂಜೆ ತನ್ನ ಭಟ್ಟಿಯ ಬೂದಿಯಿಲ್ಲದ ಬಾಯಿ ನೋಡಿ ಬರುವುದು. ಅಜ್ಜಿ ಒಂದು ದಿನ ಕರೆದು ಹೇಳಿದಳು.

"ಹೂವಿನವನು ಈ ಜಗುಲಿ ಕೇಳ್ತಾ ಇದ್ದಾನೆ ಕಣಪ್ಪ. ನಿನ್ನ ಬಾಡಿಗೆ ಬರ್ತಾ ಇದೆ, ಇಲ್ಲ ಅನ್ನಲ್ಲ. ಆದರೆ ನನಗೆ ಜಗುಲೀಲಿ ಜನ ಬೇಕು, ಮಾತು ಬೇಕು. ತಣ್ಣಗಿರೋ ಒಲೆ ಇಟ್ಕೊಂಡು ಏನು ಮಾಡ್ಲಿ? ಈ ತಿಂಗಳೊಳಗೆ ಹೊತ್ಸಿದ್ರೆ ಭಟ್ಟಿ, ಇಲ್ಲದಿದ್ರೆ ಹೂವು."

ಅವನಿಗೆ ಭಯವಾಯಿತು. ಅಂಥ ಜಾಗ ಮತ್ತೆ ಸಿಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಇನ್ನೊಂದು ಭಟ್ಟಿ ಕಟ್ಟುವಷ್ಟು ಕಸುವು ತನ್ನ ಬೆನ್ನಿನಲ್ಲಿ ಉಳಿದಿಲ್ಲವೆಂಬುದೂ ಗೊತ್ತಿತ್ತು. ದೂರದ ಇನ್ನೊಂದು ಪೇಟೆಯಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದಾನೆ, ಅವನು ಮುಟ್ಟಿದ್ದೆಲ್ಲ ಚಿನ್ನ, ಅವನು ಬೋಣಿ ಮಾಡಿದ ಅಂಗಡಿ ಕೆಟ್ಟದ್ದೇ ಇಲ್ಲ ಎಂದು ಯಾರೋ ಹೇಳಿದ್ದರು. ಹೇಗಾದರೂ ಅವನನ್ನು ಕರೆತರುತ್ತೇನೆಂದು ಹೆಂಡತಿಗೆ ಹೇಳಿ, ಬುತ್ತಿ ಕಟ್ಟಿಸಿಕೊಂಡು ಹೊರಟ.

ದಾರಿಯಲ್ಲಿ ಒಂದು ಸಂತೆ. ಅಲ್ಲಿ ಹಗ್ಗ ಹರವಿಕೊಂಡು ಕೂತಿದ್ದವನೊಬ್ಬ ಇವನನ್ನು ನೋಡಿ ಕೂಗಿದ.

"ಏನು ಕೈಗುಣದಣ್ಣ, ಈ ಕಡೆ?"

ಇವನಿಗೆ ಗುರುತು ಸಿಗಲಿಲ್ಲ.

"ಹೇಗೆ ಸಿಗುತ್ತೆ ಬಿಡು" ಅಂದ ಹಗ್ಗದವನು. "ನಿಮ್ಮ ಪೇಟೇಲಿ ಹಗ್ಗದ ಅಂಗಡಿ ಇಟ್ಟಿದ್ದೆ. ಬೋಣಿ ನಿಂದೇ. ಎತ್ತಿಗೆ ಮೂಗುದಾರ ಅಂತ ತಗೊಂಡೆ. ನಿನಗೆ ಎತ್ತೇ ಇರಲಿಲ್ಲ."

ಆಗ ಇವನಿಗೆ ನೆನಪಾಯಿತು. ಮೂಗುದಾರ ಮನೆಯಲ್ಲಿ ಇನ್ನೂ ಗೂಟಕ್ಕೆ ನೇತಾಡುತ್ತಿತ್ತು. "ಅಂಗಡಿ ಬಿಟ್ಟು ಸಂತೇಲಿ ಯಾಕೆ ಕೂತೆ?" ಎಂದು ಕೇಳಿದ.

"ಮುಚ್ಚಿ ಹೋಯ್ತಲ್ಲ. ವರ್ಷ ಕೂಡ ತುಂಬಲಿಲ್ಲ."

ಇವನು ಬುತ್ತಿಯ ಗಂಟನ್ನು ಕೆಳಗಿಟ್ಟು ಅಲ್ಲೇ ಕೂತುಬಿಟ್ಟ. ತಾನು ಬೋಣಿ ಮಾಡಿದ ಅಂಗಡಿಯೊಂದು ಮುಚ್ಚಿದ ಸುದ್ದಿಯನ್ನು ಅವನು ಕೇಳಿದ್ದು ಅದೇ ಮೊದಲು. ಕೇಳುವುದಾದರೂ ಹೇಗೆ? ಗೆದ್ದವನು ಪೇಟೆಯಲ್ಲೇ ಇರುತ್ತಾನೆ, ಎದುರು ಸಿಕ್ಕಾಗ ಕೈಮುಗಿಯುತ್ತಾನೆ. ಸೋತವನು ಊರು ಬಿಟ್ಟು ಹೋಗುತ್ತಾನೆ. ಇಷ್ಟು ಸರಳವಾದದ್ದು ಇಷ್ಟು ವರ್ಷ ಹೊಳೆದಿರಲಿಲ್ಲ. ಪೇಟೆಯ ಬೀದಿಯನ್ನು ಅವನು ಕಣ್ಣ ಮುಂದೆ ತಂದುಕೊಂಡ. ತಾನು ಬೋಣಿ ಮಾಡಿದ ಎಷ್ಟೋ ಬಾಗಿಲುಗಳಲ್ಲಿ ಈಗ ಬೇರೆ ಯಾರೋ ಕೂತಿದ್ದರು. ಅವರ ಅಂಗಡಿಗೂ ತಾನೇ ಬೋಣಿ ಮಾಡಿದ್ದ.

"ನನ್ನ ಮೇಲೆ ಕೋಪ ಇರಬೇಕು ನಿನಗೆ" ಅಂದ.

"ಇತ್ತು. ಹೊಟ್ಟೆ ತುಂಬಾ ಇತ್ತು" ಅಂದ ಹಗ್ಗದವನು. "ಅಂಗಡಿ ಮುಚ್ಚಿದ ಮೇಲೆ ಊರೂರಲ್ಲಿ ನಿನ್ನ ಕೈಯನ್ನ ಬೈದ್ಕೊಂಡು ಓಡಾಡ್ದೆ. ಬಹಳ ಹಾಯಾಗಿತ್ತು ಕಣಣ್ಣ. ಆಮೇಲೆ ಇನ್ನೊಂದೂರಲ್ಲಿ ಅಂಗಡಿ ಇಟ್ಟೆ, ಅಲ್ಲಿ ಇನ್ಯಾರನ್ನೋ ಕರೆದು ಬೋಣಿ ಮಾಡಿಸ್ದೆ. ಅದೂ ಹೋಯ್ತು. ಅವನನ್ನೂ ಬೈದೆ. ಹೀಗೆ ಬೈತಾ ಬೈತಾ ಕೊನೆಗೆ ನಾನು ಕರೆದರೆ ಬರೋರೇ ಇಲ್ಲದ ಹಾಗಾಯ್ತು. ಇವನ ಅಂಗಡಿಗೆ ಬೋಣಿ ಮಾಡಿದ್ರೆ ನಮ್ಮ ಹೆಸರು ಕೆಡುತ್ತೆ ಅಂತ ಜನ ತಪ್ಪಿಸ್ಕೊಂಡು ತಿರುಗಿದ್ರು. ವಿಧಿ ಇಲ್ಲದೆ ಈ ಸಂತೇಲಿ ಸುಮ್ಮನೆ ಹಗ್ಗ ಹರವಿ ಕೂತೆ. ಗಾಡಿ ಹಗ್ಗ ಹರಿದುಹೋದೋನು ಯಾವನೋ ಬಂದ, ನನ್ನನ್ನೇ ಬೈದ್ಕೊಂಡು ಒಂದು ಹಗ್ಗ ಎಳ್ಕೊಂಡು ಹೋದ. ಮುಂದಿನ ಸಂತೆಗೆ ವಾಪಸ್ ಬಂದು ಅದನ್ನ ನನ್ನ ಮುಖಕ್ಕೆ ಎಸೆದ. ಹಗ್ಗ ಕಿತ್ತುಹೋಗಿತ್ತು."

"ಆಮೇಲೆ?"

"ಆಮೇಲೇನು, ಬೈಯೋಣ ಅಂದ್ರೆ ಬೋಣಿ ಮಾಡಿದೋನು ಯಾರೂ ಅಂತಾನೇ ಗೊತ್ತಿಲ್ಲ. ಬೇರೆ ದಾರಿ ಇಲ್ಲದೆ ಆ ಹಗ್ಗ ಬಿಚ್ಚಿ ನೋಡ್ದೆ. ಕತ್ತಾಳೆ ನಾರು ಒಳಗೆ ಹಸಿ ಇತ್ತು, ಮುಗ್ಗಲು ಹಿಡಿದಿತ್ತು. ನಿಮ್ಮ ಪೇಟೇಲಿ ಮಾರಿದ್ದೂ ಅದೇ ನಾರು. ಗಿರಾಕಿಗಳು ಬಾವಿಗಿಳಿಸಿದ ಕೊಡ ಬಾವೀಲೇ ಉಳ್ಕೊಂಡಿದ್ದೂ ಅದರಿಂದಲೇ. ಅಲ್ಲಿಂದೀಚೆಗೆ ನಾರು ಗಲಗಲ ಅನ್ನೋ ತನಕ ಹೊಸೆಯೋದಿಲ್ಲ. ಹೊಟ್ಟೆಗೆ ಬಟ್ಟೆಗೆ ತೊಂದರೆ ಇಲ್ಲ ಈಗ."

ಇಷ್ಟು ಕೇಳಿದ ಕಡಲೆಯವನು ಎದ್ದು ಮನೆಗೆ ಹೋಗಬೇಕಿತ್ತು. ಆದರೆ ಮನುಷ್ಯನ ಬುದ್ಧಿ ಅಷ್ಟು ಬೇಗ ದಾರಿಗೆ ಬರುವುದಿಲ್ಲ. ಅವನು ಹಗ್ಗದವನ ಕೈಯನ್ನೇ ಆಸೆಯಿಂದ ನೋಡಿದ.

"ನಿನ್ನ ಕೈ ಈಗ ಒಳ್ಳೇದಾಗಿದೆ ಅಂತ ಕಾಣುತ್ತೆ. ನನ್ನ ಭಟ್ಟಿಗೆ ನೀನೇ ಬಂದು ಬೋಣಿ ಮಾಡ್ತೀಯಾ?"

ಹಗ್ಗದವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತಾರೆ. ನೀನು ಎರಡೂ ಇಟ್ಕೊಂಡು ಊರೂರು ಅಲೀತಾ ಇದ್ದೀಯಲ್ಲಣ್ಣ!" ಎಂದು ಹೇಳಿ, ಬಂದ ಗಿರಾಕಿಯ ಕಡೆ ತಿರುಗಿಕೊಂಡ.

ಕಡಲೆಯವನಿಗೆ ನಾಚಿಕೆಯಾಯಿತು. ಅಲ್ಲೇ ಕೂತು ಬುತ್ತಿ ಉಂಡು, ಜವಳಿ ವ್ಯಾಪಾರಿಯ ಊರಿನ ದಾರಿ ಬಿಟ್ಟು ತನ್ನ ಊರಿನ ದಾರಿ ಹಿಡಿದ.

ಬಂದವನೇ ಧಣಿಯ ಹತ್ತಿರ ಹೋಗಿ, ಇನ್ನು ನಾನು ಬರುವುದಿಲ್ಲ ಎಂದು ಹೇಳಿದ. ಕಡಲೆ ಬೆಚ್ಚಗೆ ಮಾಡಿ ನೀರು ಚಿಮುಕಿಸಿ ಗೋಣಿ ಮುಚ್ಚಿದ. ಮಾರನೆಯ ಬೆಳಿಗ್ಗೆ ತನ್ನ ಭಟ್ಟಿಗೆ ಬೆಂಕಿ ಹಚ್ಚಿದ.

ಮೊದಲ ಬಾಣಲೆ ಕೆಟ್ಟಿತು. ಹೊಸ ಮಣ್ಣು ಇನ್ನೂ ಹಸಿ, ಹೊಸ ಮರಳಿಗೆ ಇನ್ನೂ ಶಾಖದ ಪಾಠವಾಗಿಲ್ಲ. ಕಡಲೆ ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿ ಉಳಿಯಿತು. ಧಣಿಯ ಭಟ್ಟಿಯಲ್ಲಿ ಅವನಿಗೆ ಹೀಗಾದದ್ದೇ ಇಲ್ಲ. ಆ ಕಡಲೆಯನ್ನು ಬೀದಿಯ ದನಕ್ಕೆ ಹಾಕಿದ. ದನ ಮೂಸಿ ನೋಡಿ ಮುಂದೆ ಹೋಯಿತು. ಅವನು ಉರಿ ತಗ್ಗಿಸಿ, ಮರಳನ್ನು ಸುಮ್ಮನೆ ಬಹಳ ಹೊತ್ತು ಕಾಯಿಸಿ, ಎರಡನೆಯ ಬಾಣಲೆ ಹಾಕಿದ. ಅದು ಪರವಾಗಿಲ್ಲ ಅನ್ನುವಂತೆ ಬಂತು. ಮೂರನೆಯದು ಅರಳಿತು. ಅಲ್ಲೊಂದು ಇಲ್ಲೊಂದು ಕರಿಯ ಕಾಳು ಇದ್ದರೂ ಅದು ಅವನು ಬಯಸಿದ್ದ ಕಡಲೆಯೇ ಆಗಿತ್ತು.

ವಾಸನೆ ಮೂರು ದಾರಿಗೂ ಹಬ್ಬಿತು. ಜನ ಬಂದರು. ಬಂದು ನಿಂತರು. ಯಾರೂ ಕೊಳ್ಳಲಿಲ್ಲ.

"ಬೋಣಿ ಆಯ್ತಾ?" ಎಂದು ಒಬ್ಬ ಕೇಳಿದ.

"ಇನ್ನೂ ಇಲ್ಲ. ನೀನೇ ತಗೊ."

"ನಾನಾ? ಬೇಡಪ್ಪ!" ಎಂದು ಅವನು ಹಿಂದೆ ಸರಿದು ಪಕ್ಕದವನನ್ನು ಮುಂದೆ ತಳ್ಳಿದ. ಪಕ್ಕದವನು ಇನ್ನೊಬ್ಬನ ಬೆನ್ನ ಹಿಂದೆ ಹೋದ. ಕೈಗುಣದಣ್ಣನ ಸ್ವಂತ ಭಟ್ಟಿ. ಅದಕ್ಕೆ ಬೋಣಿ ಮಾಡಿ, ಅದೇನಾದರೂ ಕೆಟ್ಟರೆ, ಏಳು ಜನ್ಮಕ್ಕೂ ಆ ಅಪವಾದ ತೊಳೆದು ಹೋಗುವುದಿಲ್ಲ. ಬಳೆಗಾರ ಕೂಡ ಬಂದ. ಬಾಯಲ್ಲಿ ನೀರೂರಿದ್ದು ಅವನ ಮುಖದಲ್ಲೇ ಕಾಣುತ್ತಿತ್ತು.

"ಬೇಜಾರು ಮಾಡ್ಕೋಬೇಡಣ್ಣ" ಅಂದ ಬಳೆಗಾರ. "ನಿನ್ನ ಋಣ ನನ್ನ ಮೇಲಿದೆ. ಆದರೆ ನನ್ನ ಕೈ ನಿನ್ನ ಕೈಯಷ್ಟು ದೊಡ್ಡದಲ್ಲ. ದೊಡ್ಡೋರು ಯಾರಾದ್ರೂ ಮಾಡ್ಲಿ, ಬೆನ್ನ ಹಿಂದೇನೇ ನಾನು ಸೇರುಗಟ್ಟಲೆ ಒಯ್ತೀನಿ."

ಕಡಲೆಯವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಮಾತು ತನ್ನ ಬಾಯಿಂದಲೇ ಬಂದಂತೆ ಕೇಳಿಸಿತು. ಹೊತ್ತು ಏರಿತು, ಇಳಿಯತೊಡಗಿತು. ಅವನು ಹುರಿಯುತ್ತಲೇ ಇದ್ದ, ಜನ ನೋಡುತ್ತಲೇ ಇದ್ದರು. ಹುರಿಗಡಲೆ ರಾಶಿಯಾಯಿತು. ನಾಳೆಗೆ ಇದು ಮೆತ್ತಗಾಗುತ್ತದೆ, ಇಷ್ಟನ್ನೂ ಸುರಿಯಬೇಕಾಗುತ್ತದೆ, ಬಿಟ್ಟು ಬಂದ ಕೆಲಸಕ್ಕೆ ಧಣಿ ಮತ್ತೆ ಸೇರಿಸಿಕೊಳ್ಳುವುದೂ ಇಲ್ಲ ಎಂದು ಯೋಚನೆ ಬಂತು. ಆದರೂ ಎದ್ದು ಹೋಗಲಿಲ್ಲ.

ಆಗ ತಲೆಯ ಮೇಲೆ ಉಪ್ಪಿನ ಬುಟ್ಟಿ ಹೊತ್ತ ಒಬ್ಬ ಹೆಂಗಸು ಆ ದಾರಿಯಲ್ಲಿ ಬಂದಳು. ದೂರದೂರಿನವಳು. ಪೇಟೆಯ ಸಂಗತಿ ಏನೂ ತಿಳಿಯದವಳು. ಬುಟ್ಟಿ ಇಳಿಸಿ, ರಾಶಿಯಿಂದ ಒಂದು ಕಾಳು ತೆಗೆದು ಬಾಯಿಗೆ ಹಾಕಿಕೊಂಡಳು. ಜನರೆಲ್ಲ ಉಸಿರು ಬಿಗಿಹಿಡಿದರು.

"ಒಂದೊಂದು ಕಾಳು ಕರ್ರಗಾಗಿದೆಯಲ್ಲಪ್ಪ" ಅಂದಳು.

"ಹೌದಮ್ಮ. ಹೊಸ ಮರಳು. ಉರಿ ಹಿಡಿತಕ್ಕೆ ಬರಲಿಲ್ಲ."

"ಮತ್ತೆ ಕೊಸರು ಜಾಸ್ತಿ ಹಾಕಬೇಕು ನೀನು."

ಅವನು ಅಳೆದು ಕೊಟ್ಟ, ಮೇಲೆ ಒಂದು ಬೊಗಸೆ ಕೊಸರು ಹಾಕಿದ. ಅವಳು ಸಾಲದು ಅಂದಳು. ಇನ್ನೊಂದು ಹಿಡಿ ಹಾಕಿದ. ಅವಳು ದುಡ್ಡು ಕೊಟ್ಟು, ಸೆರಗಿಗೆ ಕಡಲೆ ಕಟ್ಟಿಕೊಂಡು, ಬುಟ್ಟಿ ಹೊತ್ತು, ನಾಲ್ಕು ಕಾಳು ಬಾಯಿಗೆ ಎಸೆದುಕೊಂಡು ನಡೆದಳು. ನಡೆಯುತ್ತಾ ಮತ್ತೆ ನಾಲ್ಕು ಕಾಳು ಎಸೆದುಕೊಂಡಳು. ತಿನ್ನುವಾಗ ಅವಳ ಮುಖ ನೋಡಿದ ಅವನು, ಅವಳು ತಿರುವು ಮುಟ್ಟುವ ತನಕ ನೋಡುತ್ತಲೇ ಇದ್ದ. ಅವನ ಎದೆ ಹಗುರಾಯಿತು, ಕಣ್ಣು ತುಂಬಿ ಬಂತು.

ಅವಳು ತಿರುವು ದಾಟಿದಳೋ ಇಲ್ಲವೋ, ಜನ ಭಟ್ಟಿಗೆ ಮುಗಿಬಿದ್ದರು. ಇನ್ನು ಏನಾದರೂ ಅದು ಉಪ್ಪಿನವಳ ತಲೆಗೆ, ತಮಗೆ ಹೆದರಿಕೆಯಿಲ್ಲ. ಸಂಜೆಯೊಳಗೆ ರಾಶಿ ಕರಗಿತು. ಅಜ್ಜಿ ಜಗುಲಿಯ ಮೂಲೆಯಲ್ಲಿ ಕೂತು ಬಂದವರ ಜೊತೆಗೆಲ್ಲ ಮಾತಾಡಿದಳು.

ಆಮೇಲೆ ಎಲ್ಲ ವ್ಯಾಪಾರದಂತೆ ಅವನದೂ ನಡೆಯಿತು. ಕೆಲವು ದಿನ ಚೆನ್ನಾಗಿ, ಕೆಲವು ದಿನ ನೊಣ ಹೊಡೆಯುತ್ತಾ. ಚೆನ್ನಾಗಿಲ್ಲದ ದಿನ ಅವನು ಮರಳು ನೋಡುತ್ತಿದ್ದ, ಸೌದೆ ನೋಡುತ್ತಿದ್ದ, ಗೋಣಿ ತೆಗೆದು ಕಾಳು ಕಚ್ಚಿ ನೋಡುತ್ತಿದ್ದ. ಒಂದು ಮಳೆಗಾಲದಲ್ಲಿ ಭಟ್ಟಿ ಕುಸಿಯಿತು. ಮತ್ತೆ ಕಟ್ಟಿದ. ಬರಬರುತ್ತಾ ಅವನ ಕಡಲೆಗೆ ಹೆಸರು ಬಂತು, ಪಕ್ಕದ ಊರುಗಳಿಂದ ಜನ ಬಂದು ಕೊಂಡುಹೋದರು.

ಹೆಸರು ಬಂದ ಮೇಲೆ ಪೇಟೆಯವರು ಕೂಡಿ ಯೋಚಿಸಿದರು. ಮೊದಲ ದಿನವೇ ಕಡಲೆಯಲ್ಲಿ ಕುಂದು ತೆಗೆದು, ಕೊಸರಿಗೆ ಜಗಳವಾಡಿ ಮಾಡಿದ ಬೋಣಿಯಿಂದ ಭಟ್ಟಿ ಇಷ್ಟು ಏಳಿಗೆಯಾಗಬೇಕಾದರೆ ಆ ಕೈ ಎಂಥ ಕೈ ಇರಬೇಕು! ಅಂಗಡಿ ಇಡಬೇಕೆಂದವರೆಲ್ಲ ಉಪ್ಪಿನವಳನ್ನು ಹುಡುಕಲು ಹೊರಟರು. ಅವಳ ಊರು ಯಾರಿಗೂ ಗೊತ್ತಿಲ್ಲ, ಹೆಸರು ಯಾರೂ ಕೇಳಿಲ್ಲ. ಕಡಲೆಯವನನ್ನು ಕೇಳಿದರೆ, "ಹಸಿದಿದ್ದಳು, ತಗೊಂಡಳು, ಹೋದಳು" ಅನ್ನುತ್ತಿದ್ದ. ಮುಚ್ಚುಮರೆ ಮಾಡುತ್ತಾನೆಂದು ಅವನ ಮೇಲೆ ಮುನಿಸಿಕೊಂಡರು. ಕೆಲವರು ಹೊಸ ಬಾಗಿಲಿಗೆ ತೋರಣ ಕಟ್ಟಿ, ಅದು ಒಣಗಿದ ಮೇಲೆ ಬಿಚ್ಚಿ, ಮತ್ತೆ ಹಸಿ ತೋರಣ ಕಟ್ಟಿ, ಅವಳ ದಾರಿ ಕಾಯುತ್ತಾ ಕೂತರು.

ಗುರುಗಳು ಕತೆ ನಿಲ್ಲಿಸಿದರು. ಸೊಪ್ಪು ಮುಗಿದಿತ್ತು. ಅವರು ದಂಟುಗಳನ್ನು ಒಂದು ಕಡೆ ಮಾಡಿ, ಎಲೆಗಳನ್ನು ನೀರಿಗೆ ಹಾಕಿದರು.

ಶಿಷ್ಯ ತಲೆದೂಗಿದ. ಪೇಟೆಯವರ ದಡ್ಡತನ ಅವನಿಗೆ ಚೆನ್ನಾಗಿ ಅರ್ಥವಾಗಿತ್ತು. ಸ್ವಲ್ಪ ಹೊತ್ತು ಯೋಚಿಸಿ, ಮುಂದೆ ಬಾಗಿ, ತಗ್ಗಿದ ದನಿಯಲ್ಲಿ ಕೇಳಿದ.

"ಗುರುಗಳೇ, ಅವನು ಭಟ್ಟಿ ಹೊತ್ತಿಸಿದನಲ್ಲ, ಆ ದಿನ ಯಾವ ವಾರ? ನಕ್ಷತ್ರ ಯಾವುದು? ಅದೇ ನನಗೂ ಆದೀತೇನೋ. ಇಲ್ಲವೇ ನೀವೇ ಬೇರೆ ದಿನ ಹೇಳಿದರೂ ಸರಿ."

ಗುರುಗಳು ಕೈ ತೊಳೆದುಕೊಂಡರು.

"ದಿನ ಹೇಳುತ್ತೇನೆ. ಅಂಗಡಿ ಮುಚ್ಚಿದರೆ ಯಾರನ್ನು ಬೈಯುತ್ತೀಯ, ಮೊದಲು ಅದನ್ನು ಹೇಳು."